ಹಾಡನ್ನು ಅರಸಿ ಹೊರಟವಳು

ಅಕ್ಷರವರಿಯದ ಜನರ ಹಾಡು ಕುಣಿತಗಳಲ್ಲಿಯೂ ಉನ್ನತವಾದ ಕಲೆಯುಂಟು. ಲೋಕವು ಅದನ್ನು ಮನಗಾಣುವಂತೆ ಮಾಡಲು ದುಡಿದವರಲ್ಲಿ ಅಮೆರಿಕದ ಲೇಖಕಿ ಜೋರಾ ನೀಲ್ ಹರ್‌ಸ್ಟನ್ ಒಬ್ಬಳು.

ಜೋರಾ 1891ರ ಜನವರಿ 7ರಂದು ಅಲಬಾಮಾ ಸಂಸ್ಥಾನದಲ್ಲಿ ಜನಿಸಿದಳು. ಆಕೆಯ ಅಜ್ಜ ಅಜ್ಜಿಯರು ಗುಲಾಮರಾಗಿ ಹುಟ್ಟಿದವರು. ಆಕೆ ಬೆಳೆದದ್ದು ಫ್ಲಾರಿಡಾದ ಈಟನ್‌ವಿಲ್ ಎಂಬ ಪುಟ್ಟ ಊರಿನಲ್ಲಿ. ಅದು ಕಪ್ಪು ಜನರೇ ಕಟ್ಟಿ ಆಳುತ್ತಿದ್ದ ಊರು. ಅಂಗಡಿಯ ಜಗಲಿಯಲ್ಲಿ ಹಿರಿಯರು ಹೇಳುತ್ತಿದ್ದ ಕಥೆಗಳೇ ಆಕೆಯ ಮೊದಲ ಪಾಠಗಳಾದವು. 13ನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು, ಓದು ಕುಂಠಿತವಾಯಿತು. ಪರರ ಮನೆಗೆಲಸ ಮಾಡಿ ಹೊಟ್ಟೆ ಹೊರೆದರೂ ಕಲಿಯುವ ಹಂಬಲ ಆರಲಿಲ್ಲ. 26 ವರ್ಷದವಳಾಗಿದ್ದಾಗ, ವಯಸ್ಸನ್ನು ಹತ್ತು ವರ್ಷ ಕಡಿಮೆ ಹೇಳಿ ಮತ್ತೆ ಶಾಲೆಗೆ ಸೇರಿದಳು. ಮುಂದೆ ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನಲ್ಲಿ ಓದುವಾಗ ಪ್ರಸಿದ್ಧ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸನ ಶಿಷ್ಯೆಯಾದಳು.

ಗುರುವಿನ ಸೂಚನೆಯಂತೆ 1927ರಲ್ಲಿ ಆಕೆ ಜನಪದ ಕಥೆಗಳನ್ನೂ ಹಾಡುಗಳನ್ನೂ ಸಂಗ್ರಹಿಸಲು ಫ್ಲಾರಿಡಾಕ್ಕೆ ಹೋದಳು. ಕಾಲೇಜಿನ ನಯವಾದ ಮಾತಿನಲ್ಲಿ ಪ್ರಶ್ನಿಸಿದವಳ ಮುಂದೆ ಜನರು ಮನ ಬಿಚ್ಚಲಿಲ್ಲ. ಹೆಚ್ಚೇನೂ ದೊರೆಯದೆ ಆಕೆ ಹಿಂದಿರುಗಿದಳು. ದೂರ ನಿಂತು ಕೇಳಿದರೆ ಸಾಲದು, ಜನರೊಡನೆ ಬೆರೆಯಬೇಕೆಂಬುದನ್ನು ಆ ಸೋಲು ಕಲಿಸಿತು.

ಬಹಾಮಾಸ್ ದ್ವೀಪಗಳಿಂದ ದುಡಿಮೆಗಾಗಿ ಫ್ಲಾರಿಡಾಕ್ಕೆ ಬಂದಿದ್ದವರ ಹಾಡು ಕುಣಿತಗಳನ್ನು ಕಂಡು ಜೋರಾ ಬೆರಗಾದಳು. ಅವುಗಳ ತವರನ್ನು ಕಾಣಲು 1929ರಲ್ಲಿ ಒಬ್ಬಳೇ ಕಡಲು ದಾಟಿ ನಸ್ಸೌ ನಗರಕ್ಕೆ ಹೋದಳು. ಅಲ್ಲಿ ಬೆಂಕಿಯ ಕುಣಿತವೆಂಬುದೊಂದುಂಟು. ಮೇಕೆಯ ಚರ್ಮದ ಡೋಲನ್ನು ಬೆಂಕಿಯ ಬಳಿ ಕಾಸಿ ಬಿಗಿಗೊಳಿಸುತ್ತಾರೆ. ಸುತ್ತ ನೆರೆದವರು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಒಬ್ಬನು ನಡುವೆ ನೆಗೆದು ಕುಣಿದು, ಬಳಿಕ ಇನ್ನೊಬ್ಬರನ್ನು ಆರಿಸಿ ತನ್ನ ಸ್ಥಾನಕ್ಕೆ ಕರೆಯುತ್ತಾನೆ. ಜೋರಾ ಸುಮ್ಮನೆ ನೋಡುತ್ತ ನಿಲ್ಲದೆ ತಾನೂ ಆ ಕುಣಿತವನ್ನು ಕಲಿತಳು. ಗುಂಪಿನೊಡನೆ ದನಿಗೂಡಿಸಿ, ಸರಿಯಾಯಿತೆಂದು ಜನರು ಒಪ್ಪುವವರೆಗೂ ಹಾಡುವುದೇ ಆಕೆಯ ಕ್ರಮವಾಗಿತ್ತು. ಆ ವರ್ಷದ ಭೀಕರ ಚಂಡಮಾರುತಕ್ಕೆ ಸಿಲುಕಿದರೂ ಧೃತಿಗೆಡದೆ ನೂರಕ್ಕೂ ಹೆಚ್ಚು ಧಾಟಿಗಳನ್ನು ಸಂಗ್ರಹಿಸಿದಳು.

ಆ ಕಾಲದ ಅಮೆರಿಕದ ರಂಗಭೂಮಿಯಲ್ಲಿ ಕಪ್ಪು ಜನರ ಕಲೆಯು ಎಷ್ಟೋ ವೇಳೆ ನಗೆಪಾಟಲಾಗುತ್ತಿತ್ತು. ಇಲ್ಲವೇ ಪಾಶ್ಚಾತ್ಯ ಸಂಗೀತದ ಅಚ್ಚಿಗೆ ಒಗ್ಗಿಸಲ್ಪಡುತ್ತಿತ್ತು. ಜೋರಾ ಎರಡನ್ನೂ ಒಪ್ಪಲಿಲ್ಲ. 1932ರ ಜನವರಿ 10ರಂದು ನ್ಯೂಯಾರ್ಕಿನ ಜಾನ್ ಗೋಲ್ಡನ್ ರಂಗಮಂದಿರದಲ್ಲಿ, ರೈಲುಹಾದಿಯ ಕೂಲಿಕಾರರ ಒಂದು ದಿನದ ಬಾಳನ್ನು ಅದರ ಸಹಜ ರೂಪದಲ್ಲಿಯೇ ಪ್ರದರ್ಶಿಸಿದಳು. ಬಹಾಮಾಸಿನ ಕುಣಿತವು ಅದಕ್ಕೆ ಕಳಶವಿಟ್ಟಿತು. ಪ್ರೇಕ್ಷಕರು ಮೆಚ್ಚಿದರು, ಆದರೆ ಹಣ ಕೈಗೆ ಹತ್ತಲಿಲ್ಲ. ಜೋರಾ ಎದೆಗುಂದದೆ 1936ರಲ್ಲಿ ಜಮೈಕಾ, ಹೈತಿಗಳತ್ತ ಹೊರಟಳು. ಹೈತಿಯಲ್ಲಿ ಏಳು ವಾರಗಳಲ್ಲಿ ಬರೆದ ಆಕೆಯ ಕಾದಂಬರಿಯು 1937ರಲ್ಲಿ ಪ್ರಕಟವಾಯಿತು. ಬಹಾಮಾಸಿನ ಶ್ರಮಿಕರು ಅದರಲ್ಲಿಯೂ ಡೋಲು ಬಾರಿಸಿ ಕುಣಿಯುತ್ತಾರೆ.

ಜೋರಾಳ ಕಡೆಗಾಲ ಬಡತನದಲ್ಲಿ ಕಳೆಯಿತು. 1960ರ ಜನವರಿ 28ರಂದು ಆಕೆ ನಿರ್ಗತಿಕರ ಆಶ್ರಯಧಾಮವೊಂದರಲ್ಲಿ ನಿಧನಳಾದಳು. ನೆರೆಹೊರೆಯವರು ಹಣ ಕೂಡಿಸಿ ಅಂತ್ಯಕ್ರಿಯೆ ನಡೆಸಿದರು. ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಆಕೆಯ ಬರಹಗಳಿಗೆ ಕಸವೆಂದು ಬೆಂಕಿಯಿಟ್ಟಾಗ, ಪರಿಚಿತನೊಬ್ಬನು ಓಡಿಬಂದು ನಂದಿಸಿ ಉಳಿದವನ್ನು ಕಾಪಾಡಿದನು. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಸಮಾಧಿಯನ್ನು ಹುಡುಕಿ ಕಲ್ಲು ನೆಡಿಸಿದಳು. ತರುವಾಯ ಜೋರಾಳ ಕೃತಿಗಳು ಮತ್ತೆ ಅಚ್ಚಾಗಿ ಮನೆಮಾತಾದವು.

1939ರಲ್ಲಿ ಧ್ವನಿಮುದ್ರಿತವಾದ ಜೋರಾಳ ಹಾಡುಗಳು ಅಮೆರಿಕದ ರಾಷ್ಟ್ರೀಯ ಗ್ರಂಥಭಂಡಾರದಲ್ಲಿವೆ. ಹೆಸರರಿಯದ ದುಡಿಮೆಗಾರರಿಂದ ಆಕೆ ಕಲಿತ ಹಾಡುಗಳು ಆಕೆಯ ಕಂಠದಲ್ಲಿಯೇ ಉಳಿದು ಬಂದಿವೆ.