ಆರರವರೆಗೆ ಏರಿ ಇಳಿಯುವ ಸಂಖ್ಯೆ

12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂದರಿಂದ ಆರರವರೆಗೆ ಏರಿ, ಹಾಗೆಯೇ ಇಳಿಯುವ ಈ ಸಂಖ್ಯೆಯನ್ನು ಸಾವಿರ ವರ್ಷಗಳಿಗೂ ಹಿಂದೆ ಶ್ಲೋಕದಲ್ಲಿ ಕಟ್ಟಿಟ್ಟವರು ನಮ್ಮ ನಾಡಿನ ಗಣಿತಜ್ಞ ಮಹಾವೀರಾಚಾರ್ಯರು.

ಅವರು ಜೈನರು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದವರು. ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆಚಾರ್ಯರ ಹುಟ್ಟೂರು, ತಂದೆ ತಾಯಿಯ ಹೆಸರು ಉಳಿದಿಲ್ಲ. ಉಳಿದಿರುವುದು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ. ಆಗ ಗಣಿತವೆಂದರೆ ಹೆಚ್ಚಾಗಿ ಖಗೋಳ ಗ್ರಂಥಗಳ ಒಂದು ಅಧ್ಯಾಯ. ಇವರು ಗಣಿತಕ್ಕೆಂದೇ ಒಂದು ಪುಸ್ತಕ ಬರೆದರು. ಬಡ್ಡಿ, ಚಿನ್ನದ ಅಪ್ಪಟತೆ, ಹಳ್ಳ ತೋಡುವುದು, ನೆರಳಿನ ಅಳತೆ ಎಲ್ಲದರ ಲೆಕ್ಕವೂ ಅದರಲ್ಲಿದೆ. ಪಿಯುಸಿಯಲ್ಲಿ ನಾವು ಓದಿದ ಕಾಂಬಿನೇಷನ್ ಸೂತ್ರವೂ ಇದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದು ಅವರು ಎಡವಿದ್ದೂ ಉಂಟು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದ್ರಾಸಿನಲ್ಲಿ ಅಚ್ಚಾಯಿತು.

ಗುಣಾಕಾರ ಕಲಿಸುವಾಗ ಆಚಾರ್ಯರು ಕೊರಳ ಹಾರದಂಥ ಉತ್ತರ ಬರುವ ಲೆಕ್ಕಗಳನ್ನು ಕೊಡುತ್ತಾರೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ ಮೇಲಿನ ಸಂಖ್ಯೆ. ಹೀಗೇಕೆ? 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಹಾಗಾಗಿ ನಮ್ಮ ಸಂಖ್ಯೆ 111111ರ ವರ್ಗ.

ಹರಿಹರದ ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ತಂಗಿ, ಲೆಕ್ಕ ಇರುವ ಯಾವ ಕೋರ್ಸೂ ಬೇಡ ಎಂದು ಹಟ ಹಿಡಿದಿದ್ದಳು. 111111ನ್ನು ಅದರಿಂದಲೇ ಗುಣಿಸು ಎಂದೆ. ಆರು ಸಾಲು ಬರೆದಳು, ಪ್ರತಿ ಸಾಲೂ ಒಂದು ಸ್ಥಾನ ಎಡಕ್ಕೆ. ಕಂಬಸಾಲುಗಳಲ್ಲಿ ಒಂದುಗಳನ್ನು ಎಣಿಸಿದರೆ ಸಾಕು: ಒಂದು, ಎರಡು, ಮೂರು... ನಡುವೆ ಆರು, ಮತ್ತೆ ಇಳಿತ. ದಶಕದ ಕಾಟವೇ ಇಲ್ಲ. ಹತ್ತು ಒಂದುಗಳಿದ್ದರೆ ಏನಾಗುತ್ತದೆ ಎಂದು ಅವಳೇ ಕೇಳಿದಳು, ಅವಳೇ ಮಾಡಿ ನೋಡಿದಳು. ನಡುವಿನ ಸಾಲಿನಲ್ಲಿ ಹತ್ತು ಬಂದು ದಶಕ ಏರಿತು, ಹಾರ ಕಿತ್ತುಹೋಯಿತು: 1234567900987654321. ಯಾವ ಕೋರ್ಸೆಂದು ಅವಳಿನ್ನೂ ತೀರ್ಮಾನಿಸಿಲ್ಲ. ಆದರೆ ಲೆಕ್ಕದ ಪುಸ್ತಕ ಕಂಡರೆ ಈಗ ಮುಖ ತಿರುಗಿಸುವುದಿಲ್ಲ.

ದಾವಣಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ನಾವು ಬಿಇ ಗೆಳೆಯರು ಆಪ್ಟಿಟ್ಯೂಡ್ ಪುಸ್ತಕದ ಶಾರ್ಟ್‌ಕಟ್‌ಗಳನ್ನು ಬಾಯಿಪಾಠ ಮಾಡುತ್ತೇವೆ. ಕೆಲಸ ಬೇಕು, ಪರೀಕ್ಷೆಯಲ್ಲಿ ಸಮಯ ಕಡಿಮೆ, ತಪ್ಪೇನಿಲ್ಲ. ಆದರೆ ಪ್ರಶ್ನೆ ಸ್ವಲ್ಪ ತಿರುಗಿದರೂ ಬಾಯಿಪಾಠ ಕೈಕೊಡುತ್ತದೆ. ಏಕೆ ಹೀಗೆ ಎಂದು ಒಮ್ಮೆ ಕೇಳಿಕೊಂಡು ಮಾಡಿದ ಲೆಕ್ಕ ಮಾತ್ರ ನಮ್ಮದಾಗಿ ಉಳಿಯುತ್ತದೆ.

ಗೆಳೆಯರೇ, ಆಚಾರ್ಯರದೇ ಇನ್ನೊಂದು ಲೆಕ್ಕ: 152207ನ್ನು 73ರಿಂದ ಗುಣಿಸಿ. ಮೊಬೈಲ್ ಬೇಡ, ಪೆನ್ನು ಹಾಳೆ ಸಾಕು.