ಪ್ರೋಟೀನಿನ ಲೆಕ್ಕ ತಾಳೆ ನೋಡಿದ ರಾಮಚಂದ್ರನ್

ಅಕೌಂಟೆನ್ಸಿಯಲ್ಲಿ ನಾವು ತಾಳೆಪಟ್ಟಿ ಹಾಕುತ್ತೇವೆ. ಎರಡೂ ಬದಿ ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ. ವಿಜ್ಞಾನಿಗಳು ಕಂಡುಹಿಡಿಯುವ ಪ್ರೋಟೀನಿನ ರಚನೆಗೂ ಇಂಥದೊಂದು ತಾಳೆಪಟ್ಟಿ ಇದೆ ಎಂದು ಕಾಮರ್ಸ್ ಓದುವ ನನಗೆ ತಿಳಿದದ್ದು ಈ ವರ್ಷ. ಅದನ್ನು ಕೊಟ್ಟವರು ಜಿ.ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬಂದರು. ಅಲ್ಲಿದ್ದ ಸರ್ ಸಿ.ವಿ. ರಾಮನ್ ಹುಡುಗನ ಬುದ್ಧಿ ನೋಡಿ ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಕರೆದುಕೊಂಡರು. ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು ಮರಳಿದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾದಾಗ ಅವರಿಗೆ ಸುಮಾರು ಮೂವತ್ತು ವರ್ಷ.

ಚರ್ಮ, ಎಲುಬುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನಲ್ಲಿ ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿವೆ ಎಂದು ಅವರು ಗೋಪಿನಾಥ್ ಕರ್ತಾ ಜೊತೆ 1954-55ರಲ್ಲಿ ತೋರಿಸಿದರು. ಡಿಎನ್‌ಎ ರಚನೆಯಿಂದ ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಇದಕ್ಕೆ ಆಕ್ಷೇಪ ಎತ್ತಿದರು. ಕೆಲವು ಪರಮಾಣುಗಳು ಒಂದಕ್ಕೊಂದು ತೀರಾ ಹತ್ತಿರ ಬಂದಿವೆ ಎಂಬುದು ಅವರ ತಕರಾರು.

ಹತ್ತಿರ ಎಂದರೆ ಎಷ್ಟು ಹತ್ತಿರ? ರಾಮಚಂದ್ರನ್ ಇದನ್ನೇ ಹಿಡಿದು ಕುಳಿತರು. ಅದುವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳಿಂದ ಪರಮಾಣುಗಳ ನಡುವಿನ ಅಂತರಗಳನ್ನು ಒಟ್ಟುಮಾಡಿದರು. ಪ್ರೋಟೀನ್ ಎಂದರೆ ತಸ್ಬಿಯ ಮಣಿಗಳಂತೆ ಪೋಣಿಸಿದ ಅಮೈನೋ ಆಮ್ಲಗಳ ಸರ. ಪ್ರತಿ ಮಣಿಯ ಬಳಿ ಅದು ಎರಡು ಕಡೆ ತಿರುಗಬಲ್ಲದು. ಒಂದು ಕೋನದ ಹೆಸರು ಫೈ, ಇನ್ನೊಂದರದು ಸೈ. ಯಾವ ತಿರುವಿನಲ್ಲಿ ಪರಮಾಣುಗಳು ಡಿಕ್ಕಿಯಾಗುತ್ತವೆ ಎಂದು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಲೆಕ್ಕ ಹಾಕಿದರು. ಎರಡು ಕೋನಗಳನ್ನು ಎರಡು ಅಕ್ಷಗಳ ಮೇಲಿಟ್ಟ ಆ ನಕ್ಷೆ 1963ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೆಚ್ಚಿನ ಜಾಗ ಖಾಲಿ. ಸರ ನಿಲ್ಲಬಲ್ಲದ್ದು ಕೆಲವೇ ಕಡೆ. ಹೊಸ ರಚನೆ ಕಂಡುಹಿಡಿದವರು ಇಂದಿಗೂ ಅದನ್ನು ರಾಮಚಂದ್ರನ್ ನಕ್ಷೆಗೆ ಹಿಡಿದು ನೋಡುತ್ತಾರೆ.

1971ರಲ್ಲಿ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಅಣು ಜೀವಭೌತ ವಿಜ್ಞಾನದ ವಿಭಾಗ ಶುರುವಾಯಿತು. ಸಿಟಿ ಸ್ಕ್ಯಾನ್ ಚಿತ್ರ ಜೋಡಿಸುವ ಒಂದು ಗಣಿತ ವಿಧಾನವನ್ನೂ ಅವರು ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಅದೇ ವರ್ಷ ಕೊಟ್ಟರು.

ಕೊನೆಗಾಲದಲ್ಲಿ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಮಂಗಸೂಳಿಯ ನಮ್ಮ ಮನೆಯಲ್ಲಿ ದಾದಾ ಅವರಿಗೂ ಅದೇ ಕಾಯಿಲೆ. ಚಹದ ಬಸಿ ಕೈಯಲ್ಲಿ ನಿಲ್ಲುವುದಿಲ್ಲ. ಅದರ ಬಗ್ಗೆ ಓದುವಾಗಲೇ ನನಗೆ ರಾಮಚಂದ್ರನ್ ಹೆಸರು ಸಿಕ್ಕಿತು. ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುವುದರಿಂದ ಕೈ ನಡುಗುತ್ತದೆ. ನರಕೋಶವೊಂದು ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಡೋಪಮೈನ್ ಬಿಡುತ್ತದೆ. ಕೆಲಸ ಮುಗಿದ ಮೇಲೆ ಒಂದು ಸಾಗಣೆ ಪ್ರೋಟೀನ್ ಅದನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಈ ಪ್ರೋಟೀನಿನ ನಡುವೆ ಒಂದು ಗೂಡು. ಡೋಪಮೈನ್ ಅಲ್ಲಿ ಬಂದು ಕೂತರೆ ಹೊರಬಾಗಿಲು ಮುಚ್ಚಿ ಒಳಬಾಗಿಲು ತೆರೆಯುತ್ತದೆ. ಕೊಕೇನ್ ಅದೇ ಗೂಡಿನಲ್ಲಿ ಕೂತು ದಾರಿ ಕಟ್ಟಿಬಿಡುತ್ತದೆ. ಹಣ್ಣಿನ ನೊಣದ ಈ ಪ್ರೋಟೀನಿನ ರಚನೆ 2013ರಲ್ಲಿ, ಮನುಷ್ಯನದು 2024ರಲ್ಲಿ ಪ್ರಕಟವಾಯಿತು. ಅವನ್ನೂ ತಾಳೆ ನೋಡಿದ್ದು ರಾಮಚಂದ್ರನ್ ನಕ್ಷೆಯಿಂದಲೇ.

2001ರ ಏಪ್ರಿಲ್ 7ರಂದು ರಾಮಚಂದ್ರನ್ ತೀರಿಕೊಂಡರು. ನೊಬೆಲ್ ಅವರಿಗೆ ಸಿಗಲಿಲ್ಲ. ತಮ್ಮ ಕೆಲಸಕ್ಕೆ ತಕರಾರು ಬಂದಾಗ ಅವರು ವಾದದಲ್ಲೇ ನಿಲ್ಲದೆ ಅಳೆಯಲು ಕುಳಿತರು. ಸೈನ್ಸ್ ವಿಭಾಗದ ಗೆಳೆಯ ಗೆಳತಿಯರು ಮುಂದೆ ಎಂದಾದರೂ ಆ ನಕ್ಷೆ ನೋಡಿದರೆ, ಅದು ಒಂದು ಆಕ್ಷೇಪದಿಂದ ಹುಟ್ಟಿತು ಎಂಬುದನ್ನು ನೆನಪಿಡಲಿ.