ಒಂದೇ ಕೈಯ ಗುಂಡು

ಜಿಮ್ ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ, ನೈನಿತಾಲ್‌ನಲ್ಲಿ. ಬಾಲ್ಯದಲ್ಲಿ ಆತನಿಗೆ ಸಿಕ್ಕ ಜೋಡಿ ನಳಿಗೆಯ ಕೋವಿಯಲ್ಲಿ ಒಂದು ನಳಿಗೆ ಸೀಳಿತ್ತು. ತಂತಿ ಸುತ್ತಿ ಕಟ್ಟಿದ್ದರು. ಮುಂದೆ ರೈಲ್ವೆ ನೌಕರಿ. 1907ರಲ್ಲಿ, 436 ಜನರನ್ನು ಕೊಂದಿದ್ದ ಚಂಪಾವತ್‌ನ ಹೆಣ್ಣುಹುಲಿಯನ್ನು ಹೊಡೆದದ್ದಕ್ಕೆ .275 ರಿಗ್ಬಿ ರೈಫಲ್ ಬಹುಮಾನವಾಗಿ ಬಂತು.

ಅದು ಹಗುರವಾದ ರೈಫಲ್. ಬೆಟ್ಟ ಹತ್ತೋಕೆ ಹಗುರ ಕೋವಿ ಒಳ್ಳೇದು, ಆದರೆ ಕೋವಿ ಹಗುರಾದಷ್ಟೂ ಭುಜಕ್ಕೆ ಒದೆತ ಜಾಸ್ತಿ. ನಮ್ಮ ಡೆಬಿಟ್-ಕ್ರೆಡಿಟ್ ಲೆಕ್ಕವೇ ಇದು: ಗುಂಡಿಗೆ ಮುಂದಕ್ಕೆ ಕೊಟ್ಟಷ್ಟನ್ನೂ ಕೋವಿ ಹಿಂದಕ್ಕೆ ವಸೂಲು ಮಾಡುತ್ತೆ. ತೂಕ ಏರಿಸದೆ ಒದೆತ ಇಳಿಸಬೇಕಾದರೆ ಗುಂಡನ್ನೋ ಮದ್ದನ್ನೋ ಕಡಿಮೆ ಮಾಡಬಹುದು. ರಿಗ್ಬಿಯ ಗುಂಡು ಸುಮಾರು 9 ಗ್ರಾಂ ಅಷ್ಟೇ. ಒದೆತಕ್ಕೆ ಹೆದರದವನ ಗುರಿ ಅಲುಗುವುದಿಲ್ಲ.

1930ರಲ್ಲಿ ಚೌಗಢದ ನರಭಕ್ಷಕ ಹುಲಿಯ ಬೇಟೆ. ಕಾರ್ಬೆಟ್‌ನ ಎಡಗೈಯಲ್ಲಿ ಹಕ್ಕಿಯ ಎರಡು ಮೊಟ್ಟೆ. ಬಂಡೆ ದಾಟಿ ತಿರುಗಿದರೆ ಎಂಟೇ ಅಡಿ ದೂರದಲ್ಲಿ ಹುಲಿ! ಚಟ್ಟನೆ ಅಲುಗಿದರೆ ಅದು ಹಾರುತ್ತೆ. ಬಲಗೈಯೊಂದರಲ್ಲೇ ರೈಫಲನ್ನು ನಿಧಾನಕ್ಕೆ ತಿರುಗಿಸಿ ಕುದುರೆ ಎಳೆದ. ಹುಲಿ ಉರುಳಿತು. ದೊಡ್ಡ ಗುಂಡಿನ ಭಾರೀ ಕೋವಿಯನ್ನು ಒಂದೇ ಕೈ ಹಾಗೆ ತೂಗಿ ಹಿಡಿಯುವುದು ಎಲ್ಲಾಯಿತು?

ಮೊಟ್ಟೆಗಳು ಒಡೆದಿರಲಿಲ್ಲ. ಅವನ್ನು ಗೂಡಿಗೇ ವಾಪಸ್ ಇಟ್ಟು ಬಂದ. ಆತ 1955ರಲ್ಲಿ ಕೀನ್ಯಾದಲ್ಲಿ ತೀರಿಕೊಂಡ.